ಕೌದಿಗೆ ಒಂದು ತುತ್ತು

ಮಗ ಪುಣೆ ಸೇರಿ ಆರು ವರ್ಷವಾಯಿತು. ಅವನು ಹೋದ, ಅವನ ಟೀ ಶರ್ಟುಗಳು ಹೋಗಲಿಲ್ಲ. ನಮ್ಮ ಕಡೆ ಟ್ರೆಜರಿ ಅಂತ ಕರೆಯುವ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದರ ಮೇಲೊಂದು ಕೂತಿದ್ದು, ಬಾಗಿಲು ತೆಗೆದವರ ಕಾಲಮೇಲೆ ದುಡುದುಡು ಬೀಳುತ್ತಿದ್ದವು. ಟ್ರೆಜರಿ ಎಂಬ ಹೆಸರಿಗಾದರೂ ಒಳಗೆ ಒಂದು ತೊಲಿ ಬಂಗಾರ ಇರಬೇಕಿತ್ತು. ಇದ್ದದ್ದು ಕಾಲೇಜು ಫೆಸ್ಟಿನ, ಕ್ರಿಕೆಟ್ಟಿನ, ರಕ್ತದಾನ ಶಿಬಿರದ ಅಂಗಿಗಳು. ಅರ್ಧಕ್ಕರ್ಧ ಪುಕ್ಕಟೆ ಬಂದವು.

‘ಇವನ್ನೆಲ್ಲಾ ಒಂದ್ ಸಲ ಒಗದು ಬಿಡ್ರಿ’ ಅಂದಳು ನಮ್ಮ ಮನೆಯಾಕಿ. ನಾನು ವಿಧೇಯ ಗಂಡ. ಎಲ್ಲವನ್ನೂ ಮಷಿನ್ನಿಗೆ ಹಾಕಿ, ತೊಳೆದು, ಮಾಳಿಗೆಯ ಮೇಲೆ ಒಣಹಾಕಿ, ಮಡಚಿ ಮತ್ತೆ ಅದೇ ಖಾನೆಯಲ್ಲಿಟ್ಟೆ. ಸಂಜೆ ಬಾಗಿಲು ತೆಗೆದಾಕಿಯ ಕಾಲಮೇಲೆ ಮತ್ತೆ ಬಿದ್ದವು. ಈ ಸಲ ಸಾಬೂನಿನ ವಾಸನೆ ಸಮೇತ. ನಮ್ಮ ಭಾಷೆಯಲ್ಲಿ ತೊಳೆಯುವುದಕ್ಕೂ ಒಗೆ, ಬಿಸಾಡುವುದಕ್ಕೂ ಒಗೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಯಾವ ಅರ್ಥ ಹಿಡಿದರೂ ಅವಳದು ಇನ್ನೊಂದೇ ಆಗಿರುತ್ತದೆ.

ಆಮೇಲೆ ಅವಳು ತನ್ನ ಅರ್ಥವನ್ನು ಸದ್ದಿಲ್ಲದೆ ಜಾರಿಗೆ ತಂದಳು. ಒಂದು ಮುಂಜಾನೆ ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ನೆಲ ಒರೆಸುವ ಅರಿವೆ ನನ್ನ ಕುರ್ಚಿಯ ಸುತ್ತ ಬಂತು. ಅದರ ಮೇಲೆ ಬಿಳಿಯ ಏಳು. ಧೋನಿಯ ಏಳು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಮಗ ತಾಲೂಕು ಮಟ್ಟದ ಪಂದ್ಯಕ್ಕೆಂದು ಹಟ ಹಿಡಿದು ಬೆನ್ನಿಗೆ ಹಚ್ಚಿಸಿಕೊಂಡಿದ್ದ. ಆ ಪಂದ್ಯದಲ್ಲಿ ಎರಡು ರನ್ನಿಗೆ ಔಟಾಗಿ, ಮನೆಗೆ ಬಂದು ಅದೇ ಅಂಗಿಯಿಂದ ಕಣ್ಣು ಒರೆಸಿಕೊಂಡಿದ್ದ. ಈಗ ಅದು ಫಿನಾಯಿಲ್ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಏಳುತ್ತಿತ್ತು.

ಮಗನಿಗೆ ಫೋನ್ ಹಚ್ಚಿದೆ. ಅವನು ಗಾಬರಿಯಾಗಿ, ‘ಉಳದದ್ದನ್ನರ ಇಡ್ರಿ ಅಪ್ಪಾ. ಅಮೆರಿಕಾದಾಗ ಹಳೆ ಟೀ ಶರ್ಟ್ ಕೂಡಿಸಿ ಮೆಮೊರಿ ಕ್ವಿಲ್ಟ್ ಮಾಡಿ ಕೊಡ್ತಾರ. ಡಾಲರ್ ಗಟ್ಟಲೆ ತಗೋತಾರ’ ಅಂದ. ಫೋಟೋ ಕಳಿಸಿದ. ಕನ್ನಡಕ ಏರಿಸಿ ನೋಡಿದೆ. ಕೌದಿ!

ನಾನು ಬೆಳೆದ ಮನೆಯಲ್ಲಿ ಕೌದಿಗೆ ನೆನಪಿನ ಹಂಗಿರಲಿಲ್ಲ, ಥಂಡಿಯ ಹಂಗಿತ್ತು. ಸೀರೆ ಹರಿದರೆ ಪರಕಾರ, ಪರಕಾರ ಹರಿದರೆ ಕುಂಚಿಗೆ, ಕುಂಚಿಗೆ ಹರಿದರೆ ಕೌದಿ. ಮುತ್ಯಾನ ಧೋತರ ನಾಲ್ಕು ಪದರಾಗಿ ಒಳಗೆ ಹೋಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಣ್ಣುಮಕ್ಕಳು ಓಣಿಯಲ್ಲಿ ಕೂಗುತ್ತ ಬಂದು ಬೇವಿನ ಗಿಡದ ನೆರಳಿಗೆ ಅರಿವೆ ಹಾಸಿ ಕೂತರೆಂದರೆ ಎರಡು ದಿನದಲ್ಲಿ ಕೌದಿ ಸಿದ್ಧ. ಕೂಲಿಗೆ ಜೋಳ, ಒಂದಿಷ್ಟು ರೊಕ್ಕ, ಮೇಲೊಂದು ಹಳೆ ಸೀರೆ. ‘ಇದು ಯಾರ ನೆನಪಿಗೆ?’ ಅಂತ ಯಾರಾದರೂ ಕೇಳಿದ್ದರೆ ನಮ್ಮವ್ವ ಅವನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು. ಆದರೂ ಅದರ ಕೆಳಗೆ ಮಲಗಿದ ನಾವು ಆರು ಮಕ್ಕಳು, ‘ಇದು ಅತ್ತಿ ಮದಿವಿ ಸೀರಿ, ಇದು ಅಪ್ಪನ ಪಟ್ಟಾಪಟ್ಟಿ, ಇದು ಬಾವ್ಯಾಗ ಬಿದ್ದಾಗಿನ ನಿನ್ನ ಅಂಗಿ’ ಅಂತ ಬೆರಳಿಟ್ಟು ಎಣಿಸುತ್ತಲೇ ನಿದ್ದೆ ಹೋಗುತ್ತಿದ್ದೆವು. ನೆನಪು ಕರೆಯದೆ ಬಂದ ಬೀಗರ ಹಾಗೆ ಬಂದು ಕೌದಿಯೊಳಗೆ ಜಾಗ ಮಾಡಿಕೊಂಡಿತ್ತು. ಈಗ ನಾವು ಅದಕ್ಕೆ ಅಕ್ಷತೆ ಕೊಟ್ಟು ಕರೆಯಬೇಕಾಗಿದೆ. ಬರುತ್ತದೋ ಇಲ್ಲವೋ.

‘ನಾನ ಹೊಲೀತೀನಿ’ ಅಂದುಬಿಟ್ಟೆ.

ಮನೆಯಾಕಿ ನಕ್ಕ ರೀತಿಯನ್ನು ಇಲ್ಲಿ ಬರೆಯಲು ಅಕ್ಷರಗಳಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಸೂಜಿ ಹಿಡಿದದ್ದು ಒಂದೇ ಸಲ, ಕಾಲಲ್ಲಿ ಜಾಲಿಮುಳ್ಳು ಮುರಿದಾಗ.

ಮೊದಲು ಅಡ್ಡದಾರಿ ಹುಡುಕಿದೆ. ಸಿಂದಗಿಗೆ ಮದುವೆಗೆ ಹೋದಾಗ ಪರಿಚಯದ ಟೇಲರನ ಮುಂದೆ ಚೀಲ ಸುರಿದೆ. ಅವನು ಒಂದು ಅಂಗಿಯನ್ನು ಎರಡೂ ಕೈಯಿಂದ ಜಗ್ಗಿದ. ಅದು ರಬ್ಬರಿನ ಹಾಗೆ ಹಿಗ್ಗಿ, ಬಿಟ್ಟ ಕೂಡಲೆ ಕುಗ್ಗಿತು. ‘ಸರ್, ಇದು ನೇಯ್ದ ಅರಿವಿ ಅಲ್ಲ, ಹೆಣೆದದ್ದು. ಮಷಿನ್ ಕೆಳಗ ಕುಣೀತೈತಿ. ಸಾದಾ ಸೂಜಿ ಹೊಕ್ಕರ ಎಳಿ ಹರದು ತೂತು ಓಡ್ತಾವ. ಕೈಲೆ ಹೊಲಸ್ರಿ’ ಅಂದ. ಒಂದು ಉಪಕಾರ ಮಾಡಿದ: ಹಾಗೆ ಹೇಳಿದ್ದಕ್ಕೆ ರೊಕ್ಕ ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಸಿಂಪಿ ಲಿಂಗಣ್ಣನವರು ನೆನಪಾದರು. ಸಿಂಪಿ ಎಂದರೆ ದರ್ಜಿ. ನಮ್ಮ ಇಂಡಿ ತಾಲೂಕಿನಲ್ಲೇ ಇದ್ದ ಚಡಚಣದವರು. ಅವರೂ ಮಧುರಚೆನ್ನರೂ ಸೇರಿದ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಬಾಯಿಂದ ಹಾಡಿನ ತುಣುಕುಗಳನ್ನು ಆಯ್ದು, 1931ರಲ್ಲಿ ‘ಗರತಿಯ ಹಾಡು’ ಅಂತ ಒಂದೇ ಹೊದಿಕೆಗೆ ಕೂಡಿಸಿದರು. ದರ್ಜಿ ಹೆಸರಿನವರು ಹಾಡು ಕೂಡಿಸಬಹುದಾದರೆ ಗಣಿತದ ಮಾಸ್ತರ ಅಂಗಿ ಯಾಕೆ ಕೂಡಿಸಬಾರದು ಎಂಬ ತರ್ಕ ನನಗೆ ಬಹಳ ಗಟ್ಟಿ ಅನ್ನಿಸಿತು. ತರ್ಕಕ್ಕೂ ಸೂಜಿಗೂ ಸಂಬಂಧವಿಲ್ಲವೆಂದು ಗೊತ್ತಾದದ್ದು ಅಕ್ಕ ಬಂದ ಮೇಲೆ.

ಅಕ್ಕನಿಗೆ ಎಪ್ಪತ್ತೆರಡು. ಕೊಲ್ಹಾರದಾಕಿ. ಈಗ ಕೊಲ್ಹಾರವೇ ಒಂದು ತಾಲೂಕು. ಅಕ್ಕನ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಬಸವನ ಬಾಗೇವಾಡಿ ತಾಲೂಕೇ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬಂದಳು. ಜೊತೆಗೆ ಮಣ್ಣಿನ ಗಡಿಗೆಯಲ್ಲಿ ಕೊಲ್ಹಾರದ ಮೊಸರು. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು ಎಂದು ಅದಕ್ಕೆ ಹೆಸರು. ಬಸ್ಸಿನಲ್ಲಿ ಅದೂ ಪರೀಕ್ಷೆಯಾಗಿ ಪಾಸಾಗಿತ್ತು.

ನಾನು ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದು ಇಟ್ಟಿದ್ದೆ. ಇಪ್ಪತ್ತು ಅಂಗಿ, ಒಂದೊಂದರಿಂದ 12 ಇಂಚಿನ ಒಂದು ಚೌಕ, ಐದು ಸಾಲು, ಸಾಲಿಗೆ ನಾಲ್ಕು. ಅಕ್ಕ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

‘ಇದು ಎಷ್ಟಾತು ತಮ್ಮಾ?’

‘ಉದ್ದ ಐದು ಫೂಟು, ಅಗಲ ನಾಕು.’

‘ನಿನ್ನ ಮಗ ಎಷ್ಟು ಉದ್ದ ಅದಾನ?’

ಐದು ಅಡಿ ಹತ್ತು ಇಂಚು. ಹೊಲಿಗೆಗೆ ಸುತ್ತಲೂ ಅರ್ಧರ್ಧ ಇಂಚು ಒಳಗೆ ಹೋಗುವುದನ್ನೂ ಕಳೆದಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವನಿಗೆ ಹೇಳಿದರಾಯಿತು ಎಂದೆ. ಅಕ್ಕ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೊಸರಿನ ಗಡಿಗೆಯ ಮೇಲೆ ಮುಚ್ಚಿದಳು. ಆಮೇಲೆ ನೆಲದ ಮೇಲೆ ಮೊಳ ಹಾಕುತ್ತ ಹೋದಳು. ನಾಲ್ಕೂವರೆ ಮೊಳ ಉದ್ದ, ಮೂರೂವರೆ ಅಗಲ. ಯಾರ ಮೊಳ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಂಗಿ ಕತ್ತರಿಸುವುದೇ ಮೊದಲ ಪಾಠ. ಕೊರಳಪಟ್ಟಿ, ತೋಳು ತೆಗೆದು ಎದೆ ಬೆನ್ನು ಬೇರೆ ಮಾಡಬೇಕು. ಟೀ ಶರ್ಟಿನ ಬಟ್ಟೆಗೆ ಒಂದು ಚಟವಿದೆ, ಕತ್ತರಿಸಿದ ಕೂಡಲೆ ದಂಡೆ ಸುರುಳಿ ಸುತ್ತಿಕೊಳ್ಳುತ್ತದೆ. ಬಿಡಿಸಿದರೆ ಮತ್ತೆ ಸುತ್ತುತ್ತದೆ. ಹಿಂದಿನ ಬೆಂಚಿನ ಹುಡುಗರಿಗೆ ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಸ್ವಭಾವದ ಪರಿಚಯವಿತ್ತು. ಇಸ್ತ್ರಿಯಿಂದ ಸೀದಾ ಮಾಡೋಣವೆಂದು ಬಿಸಿ ಮಾಡಿ ಎದೆಯ ಚಿತ್ರದ ಮೇಲೆಯೇ ಒತ್ತಿದೆ. ಇಂಜಿನಿಯರಿಂಗ್ ಕಾಲೇಜಿನ ಫೆಸ್ಟಿನ ಹೆಸರು ಅಂಗಿ ಬಿಟ್ಟು ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡಿತು. ಮನೆ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಇಸ್ತ್ರಿ ಒಳಮಗ್ಗುಲಿಗೆ ಮಾಡಬೇಕಂತೆ. ಮುಂದೆ ಒಂದು ವಾರ ನನ್ನ ಬಿಳಿ ಧೋತರಗಳ ಮೇಲೆ ಆ ಫೆಸ್ಟಿನ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಮೂಡುತ್ತಿದ್ದವು.

ಯಾವ ಅಂಗಿ ಇರಲಿ, ಯಾವುದು ಬೇಡ ಎಂಬುದು ಫೋನಿನಲ್ಲಿ ತೀರ್ಮಾನವಾಗುತ್ತಿತ್ತು. ವಿಜಯಪುರದ ವೃಕ್ಷೋಥಾನ್ ಓಟದ್ದು ಬೇಕೇ ಬೇಕು. ಓಡಿದ್ದಕ್ಕಲ್ಲ, ಅರ್ಧಕ್ಕೇ ಕಾಲು ಹಿಡಿದು ಗೋಳಗುಮ್ಮಟದ ಎದುರು ಕಟ್ಟೆಯ ಮೇಲೆ ಕೂತು ಉಪ್ಪಿಟ್ಟು ತಿಂದದ್ದಕ್ಕೆ. ಆರ್‌ಸಿಬಿ ಅಂಗಿಯ ಮೇಲೆ ದೊಡ್ಡ ವ್ಯಾಜ್ಯವಾಯಿತು. 2016ರ ಫೈನಲ್ ಸೋತಾಗ ತೊಟ್ಟಿದ್ದ. ಆಮೇಲೂ ತೊಟ್ಟಾಗಲೆಲ್ಲ ಸೋತರು. 2025ರ ಜೂನ್ 3ರ ರಾತ್ರಿ ಕಪ್ ಗೆದ್ದಾಗ ಅಂಗಿ ಇಂಡಿಯ ಟ್ರೆಜರಿಯೊಳಗಿತ್ತು. ‘ಗೆದ್ದದ್ದು ನಿನ್ನ ಅಂಗಿ ಇಲ್ಲಿದ್ದದ್ದಕ್ಕ. ಇನ್ನ ಹೊಲದು ಮುಚ್ಚಿಬಿಟ್ರ ಪ್ರತಿ ವರ್ಷ ಗೆಲ್ತಾರ’ ಅಂದೆ. ವೈಜ್ಞಾನಿಕ ಮನೋಭಾವದ ಹುಡುಗ, ಒಪ್ಪಿದ. ಪಾಲಿಯೆಸ್ಟರ್ ಬಟ್ಟೆ ಬಲು ಜಾರು. ಕೂಡಿಸಲು ಎರಡು ದಿನ ಬೇಕಾಯಿತು.

ಇನ್ನೊಂದು ಬಿಳಿ ಟೀ ಶರ್ಟು. ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ, ಎದೆಗೊಂದು ಕಿಸೆ ಅಷ್ಟೇ. ಇದು ಯಾವುದಪ್ಪಾ ಎಂದು ನಾನು ಪಕ್ಕಕ್ಕಿಟ್ಟಿದ್ದೆ. ಮಗನೇ ಹೇಳಿದ: 2023ರ ಜನವರಿಯಲ್ಲಿ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳು ಲಿಂಗೈಕ್ಯರಾದ ಮರುದಿನ, ಸೈನಿಕ ಶಾಲೆಯ ಮೈದಾನದ ಸಾಲಿನಲ್ಲಿ ತೊಟ್ಟು ನಿಂತದ್ದು. ರಜೆಗೆ ಬಂದವನು ನಮ್ಮಿಬ್ಬರನ್ನೂ ಕರಕೊಂಡು ಹೋಗಿದ್ದ. ಆ ಜನಸಾಗರದಲ್ಲಿ ಕೈ ತಪ್ಪೀತೆಂದು ನಾನು ಅವನ ಅಂಗಿಯ ಚುಂಗು ಹಿಡಿದುಕೊಂಡಿದ್ದೆ; ಸಣ್ಣವನಿದ್ದಾಗ ಜಾತ್ರೆಯಲ್ಲಿ ಅವನು ನನ್ನ ಅಂಗಿ ಹಿಡಿಯುತ್ತಿದ್ದ ಹಾಗೆ. ನೋಡಿದರೆ ಬಲಮಗ್ಗುಲ ದಂಡೆ ಈಗಲೂ ಸ್ವಲ್ಪ ಜೋತು ಬಿದ್ದಿದೆ. ಅಕ್ಕ ಏನೂ ಮಾತಾಡದೆ ಬ್ಲೇಡು ತೆಗೆದುಕೊಂಡು ಕಿಸೆಯ ಹೊಲಿಗೆಯನ್ನು ಒಂದೊಂದೇ ಎಳೆ ಬಿಚ್ಚಿದಳು. ಯಾಕೆಂದು ಕೇಳಿದೆ. ‘ಸಿದ್ಧೇಶ್ವರ ಅಪ್ಪಾರ ಅಂಗಿಗಿ ಕಿಸೆ ಇರಲಿಲ್ಲಲ್ಲ’ ಅಂದಳು. ಕಿಸೆ ಇದ್ದ ಜಾಗ ಉಳಿದ ಬಟ್ಟೆಗಿಂತ ಬೆಳ್ಳಗಿತ್ತು.

ಇಷ್ಟೆಲ್ಲ ನಡೆಯುವಾಗ ಮನೆಯಾಕಿ ಬಾಗಿಲಿಗೆ ಒರಗಿ ನಿಂತು, ‘ಅವನ ಬನಿಯನ್‌ಗೂ ನೆನಪು ಅದಾವ. ನಾ ಈ ಮನ್ಯಾಗ ಮೂವತ್ತು ವರ್ಷ ಉಟ್ಟದ್ದು ಬರೇ ಅರಿವಿ’ ಅಂದಳು. ಗಣಿತದಲ್ಲಿ ಇದಕ್ಕೆ ಉತ್ತರವಿಲ್ಲ. ಮರುದಿನ ತಾನೇ ತನ್ನ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದಳು. ಮುದ್ದೇಬಿಹಾಳದ ತವರಿನದು, ಅವಳ ಅವ್ವನದು. ಒಡಲು ಜೀರ್ಣವಾಗಿ ಕೈಯಿಟ್ಟಲ್ಲಿ ಪಿಸಿಯುತ್ತಿತ್ತು. ತೋಪು ತೆನಿಯ ಸೆರಗು ಮಾತ್ರ ಕೆಂಪಗೆ ಗಟ್ಟಿ ಉಳಿದಿತ್ತು. ಇಳಕಲ್ಲಿನವರು ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸು ಹಾಕಿ, ಎಳೆಗೆ ಎಳೆ ಕೊಂಡಿ ಕೂಡಿಸಿ ನೇಯುತ್ತಾರೆ. ಅಂದರೆ ಸೀರೆ ಹುಟ್ಟುವಾಗಲೇ ಎರಡು ತುಂಡು. ಈ ಸೀರೆಯ ಒಡಲು ಹೋದರೂ ಕೊಂಡಿಯ ಸಾಲು ಬಿಟ್ಟಿರಲಿಲ್ಲ. ಸೆರಗು ಕೌದಿಯ ಸುತ್ತ ದಂಡೆಯಾಯಿತು. ಒಡಲು ಒಳಪದರಕ್ಕೆ ಹೋಯಿತು. ನನ್ನ ಐದು ಅಡಿಯ ಲೆಕ್ಕಕ್ಕೆ ಕಡಿಮೆ ಬಿದ್ದ ಗೇಣು ಅತ್ತೆಯವರಿಂದ ಭರ್ತಿಯಾಯಿತು.

ಪಡಸಾಲೆಯಲ್ಲಿ ಹಳೆಯ ಹತ್ತಿ ಸೀರೆ ಹಾಸಿ, ಅದರ ಮೇಲೆ ಪದರು, ಅದರ ಮೇಲೆ ಚೌಕಗಳು. ನಾಲ್ಕು ಮೂಲೆಗೆ ಕುಟ್ಟುವ ಕಲ್ಲು, ತೂಕದ ಕಲ್ಲು, ಹಿತ್ತಾಳೆಯ ಚರಿಗೆ ಮತ್ತು ನಾನು. ನನ್ನ ಮೊದಲ ಕೆಲಸ ಅದೇ, ಮೂಲೆಯ ಮೇಲೆ ಕೂಡುವುದು. ಆಮೇಲೆ ಸೂಜಿ ಸಿಕ್ಕಿತು. ದಾರ ಪೋಣಿಸಲು ಹನ್ನೊಂದು ನಿಮಿಷ. ಅಕ್ಕ ಕನ್ನಡಕವಿಲ್ಲದೆ ನಾಲಿಗೆಗೆ ಹಚ್ಚಿ ಒಂದೇ ಏಟಿಗೆ ಪೋಣಿಸಿದಳು. ಸೂಜಿ ಕೆಳಗಿನ ಪದರು ಮುಟ್ಟಿತೋ ಇಲ್ಲವೋ ಎಂದು ಎಡಗೈ ಬೆರಳು ಕಾಯಬೇಕು. ನನ್ನ ಬೆರಳು ಪ್ರತಿಸಲವೂ ಮುಟ್ಟಿತು ಅಂತ ಖಚಿತವಾಗಿ ಹೇಳುತ್ತಿತ್ತು, ರಕ್ತ ಸಮೇತ. ಗೇಣಿಗೆ ಅಕ್ಕನದು 22 ಟಾಕಿ, ನನ್ನದು 9. ಅವಳ ಸಾಲು ಬಿತ್ತಿದ ಜೋಳದ ಸಾಲು. ನನ್ನದು ಕುಡಿದು ಬಂದವನ ಹೆಜ್ಜೆ. ಚಿತ್ರದ ರಬ್ಬರು ಬಣ್ಣದೊಳಗೆ ಸೂಜಿ ಇಳಿಯದೆ ಎರಡು ಮುರಿದವು.

‘ಬಿಚ್ಚಿ ಮತ್ತ ಹಾಕಲೇನಕ್ಕಾ?’

‘ಬ್ಯಾಡ. ಯಾರು ಯಾವ ಸಾಲು ಹಾಕ್ಯಾರ ಅಂತ ತಿಳೀಬೇಕಲ್ಲ.’

ಕೈಗೆ ಬಿಡುವಿದ್ದಾಗ ನಾನು ಜಗತ್ತಿನ ಸುದ್ದಿ ಹೇಳುತ್ತಿದ್ದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳೂ ಹೀಗೇ ಹೊಲಿಯುತ್ತಾರೆ, ಕವಂದಿ ಅಂತಾರೆ. ದಂಡೆಯಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. 2011ರಲ್ಲಿ ಆ ಕೌದಿಗಳನ್ನು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು.

‘ಎಲ್ಲಿ ಇಟ್ಟಿದ್ರು?’

‘ಗ್ವಾಡಿಗಿ ತೂಗುಹಾಕಿದ್ರು.’

‘ಗ್ವಾಡಿಗಿ ಥಂಡಿ ಹತ್ತಿತ್ತೇನು?’ ಅಂದಳು, ಸೂಜಿಯಿಂದ ಕಣ್ಣು ತೆಗೆಯದೆ.

ಅಕ್ಕನ ಹತ್ತಿರ ಒಂದು ಕೌದಿಯಿದೆ, ನೀರಲ್ಲಿ ಮುಳುಗಿದ ಹಳೆಯ ಮನೆಯದು. ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ನೀರು ಅಕ್ಕನ ಹೊಸ್ತಿಲಿಗೆ ಬರಲು ಅಲ್ಲಿಂದ ಮೂರು ದಶಕದ ಮೇಲೆ ಬೇಕಾಯಿತು. ಅಷ್ಟು ವರ್ಷ ಕಾಯಿಸಿದ್ದು ಬರುವುದೇ ಇಲ್ಲ ಅಂತ ಊರು ನಂಬಿತ್ತು. ಹಳೆ ಕೊಲ್ಹಾರ ಬಿಟ್ಟು ಹೊಸ ಊರಿಗೆ ಸಾಮಾನು ಸಾಗಿಸಿದಾಗ ತಾಮ್ರದ ಹಂಡೆ, ದೇವರ ಜಗಲಿಯ ಸಾಮಾನು ಎಲ್ಲ ಕೌದಿಗಳಲ್ಲಿ ಸುತ್ತಿ ಟ್ರ್ಯಾಕ್ಟರಿಗೆ ಹೇರಿದ್ದರು. ಬೀಸುವ ಕಲ್ಲು ಭಾರವೆಂದು ಅಲ್ಲೇ ಬಿಟ್ಟರು. ಕೊರ್ತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅಕ್ಕ ನೀರಿನತ್ತ ಬೆರಳು ಮಾಡಿ, ‘ಅಲ್ಲಿ ನಮ್ಮ ಅಡಗಿ ಮನಿ’ ಅಂತ ಒಮ್ಮೆ ನನಗೆ ತೋರಿಸಿದ್ದಳು. ಬೇರೆಯವರ ಕಣ್ಣಿಗೆ ಬರೀ ನೀರು, ಒಂದೆರಡು ಬೆಳ್ಳಕ್ಕಿ. ಅಂದು ಸುತ್ತಿದ ಕೌದಿಗಳ ಪೈಕಿ ಉಳಿದದ್ದು ಅದೊಂದೇ. ಈಗದು ತೇಪೆಯ ಮೇಲೆ ತೇಪೆಯಾಗಿ, ಮೊದಲಿನ ಬಟ್ಟೆ ಎಲ್ಲಿದೆಯೋ ಹುಡುಕಬೇಕು. ‘ಅದನ್ನ ತೋರಸಾಕ ಇಡಬೇಕಲ್ಲಕ್ಕಾ, ಹೊದಿಯೂದ್ಯಾಕ?’ ಎಂದೆ. ‘ಇಟ್ರ ನುಸಿ ತಿಂತಾವ. ಹೊದ್ರ ನಾವು ತಿಂತೀವಿ’ ಅಂದಳು.

ಹದಿನಾಲ್ಕನೆಯ ದಿನ ಕೊನೆಯ ಮೂಲೆ ಉಳಿಯಿತು. ಎರಡು ಬೆರಳು ಹಿಡಿಸುವಷ್ಟು ಬಾಯಿ. ನಾನು ಸೂಜಿ ಹಿಡಿದು ಗೆಲುವಿನಿಂದ ಬಾಗಿದ್ದೆ. ಅಕ್ಕ ತಡಿ ಎಂದು ಕೈ ಹಿಡಿದು, ಅಡಿಗೆ ಮನೆಗೆ ಹೋಗಿ ಶೇಂಗಾ ಹೋಳಿಗೆಯ ಒಂದು ಚೂರು ತಂದು ಆ ಬಾಯಿಯೊಳಗೆ ತುರುಕಿದಳು. ನಮ್ಮವ್ವನೂ ಹಾಗೇ ಮಾಡುತ್ತಿದ್ದಳು, ಮರೆತೇ ಹೋಗಿತ್ತು. ಖಾಲಿ ಹೊಟ್ಟೆಯ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ‘ಈಗ ಹೊಲಿ’ ಅಂದಳು. ಒಂಬತ್ತು ಟಾಕಿ ಹಾಕಿ ಮುಚ್ಚಿದೆ. ಬಹಳ ಬಿಗಿಯಾಗಲಿಲ್ಲ.

ಆ ಫಿನಾಯಿಲಿನ ಏಳನ್ನೂ ಮೂರು ಸಲ ತೊಳೆದು ನಡುವೆ ಹಾಕಿದ್ದೇವೆ. ಒಂದು ಮಗ್ಗುಲು ಮಾಸಲಾಗಿದೆ, ಇರಲಿ.

ಸಂಕ್ರಾಂತಿಗೆ ಬಂದ ಮಗ ಕೌದಿ ಬಿಡಿಸಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆನ್ನಿನ ಸಾಲುಗಳ ಮೇಲೆ ಬೆರಳಾಡಿಸುತ್ತ, ‘ಇದು ಅತ್ತೀದು... ಇದು ಅತ್ತೀದು... ಇದು ನಿಮ್ಮದಲ್ರಿ ಅಪ್ಪಾ?’ ಎಂದ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಅದನ್ನು ಹೆಗಲ ಮೇಲೆ ಹಾಕಿಕೊಂಡೇ ರೈಲು ಹತ್ತಿದ. ಪುಣೆಯ ಕೋಣೆಯಲ್ಲಿ ಈಗ ಏಸಿಯನ್ನು 18ಕ್ಕಿಟ್ಟು, ನಡುಗುತ್ತ, ಮೇಲೆ ಕೌದಿ ಹೊದ್ದು ಮಲಗುತ್ತಾನಂತೆ. ಇಂಜಿನಿಯರ್ ಆದವರ ವಿಚಾರ ನಮಗೆ ತಿಳಿಯುವುದಿಲ್ಲ.

ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಬಂತು.

‘ಅಪ್ಪಾ, ಕೌದಿ ಒಂದು ಮೂಲಿಗೆ ಇರವಿ ಸಾಲು ಹಚ್ಯಾವ. ಏನ್ ಇಟ್ಟೀರಿ ಒಳಗ?’

‘ಹೋಳಿಗಿ.’

‘ಯಾರಿಗಿ?’

‘ಕೌದಿಗಿ.’

ಆ ಕಡೆಯಿಂದ ಸದ್ದಿಲ್ಲ. ಏಸಿಯ ಗುಂಯ್ ಮಾತ್ರ. ‘ಬಿಚ್ಚಿ ತಗೀಲೇನು?’ ಎಂದ. ನನ್ನ ಅಧಿಕಾರದ ಪ್ರಶ್ನೆಯಲ್ಲ ಅದು. ಇನ್ನೊಂದು ಫೋನಿನಿಂದ ಕೊಲ್ಹಾರಕ್ಕೆ ಹಚ್ಚಿದೆ. ನಿದ್ದೆಯಿಂದ ಎದ್ದ ಅಕ್ಕ ಎಲ್ಲ ಕೇಳಿಸಿಕೊಂಡು ಆಕಳಿಸಿದಳು.

‘ಕೌದಿ ಉಂಡು ಉಳಿದದ್ದು ತಿಂತಾವ, ತಿನ್ಲಿ ಬಿಡು. ಅವನು ಉಂಡಾನೇನು ಕೇಳು.’